ಅಗಳಿಯವಳ ಹೆಸರು

ಕಡಲಿಗೆ ಬೆನ್ನು ಹಾಕಿ ಕೂತ ಊರೊಂದಿತ್ತು. ಎಲ್ಲಿತ್ತು, ಯಾವ ಕಾಲದಲ್ಲಿತ್ತು ಅಂತ ಕೇಳಬೇಡಿ, ಇತ್ತು, ಅಷ್ಟೇ. ಕರಿಬಂಡೆಯ ಮೇಲೆ ಅರವತ್ತೆರಡು ಮನೆ, ನಡುವೆ ಒಂದು ಇಗರ್ಜಿ, ಇಗರ್ಜಿಯ ನೆತ್ತಿಯ ಮೇಲೆ ಒಂದು ಮರದ ಶಿಲುಬೆ. ಆ ಊರಿನಲ್ಲಿ ಮನೆಗಿಂತ ಬಾಗಿಲಿಗೆ ಮರ್ಯಾದೆ ಜಾಸ್ತಿ. ಗೋಡೆ ಮಣ್ಣಿನದಾದರೂ ನಡೆದೀತು, ಬಾಗಿಲು ಮಾತ್ರ ನಾಲ್ಕು ಬೆರಳು ದಪ್ಪದ ತೇಗದ್ದೇ ಆಗಬೇಕು. ಹೆಣ್ಣು ನೋಡಲು ಹೋದವರು ಹುಡುಗಿಯ ಮುಖ ನೋಡುವ ಮೊದಲು ಬಾಗಿಲು ಬಡಿದು ನೋಡುತ್ತಿದ್ದರು. ದಾರಿಯಲ್ಲಿ ಎದುರಾದವರು 'ಊಟ ಆಯಿತಾ' ಅಂತ ಕೇಳುತ್ತಿರಲಿಲ್ಲ, 'ಬಾಗಿಲು ಗಟ್ಟಿ ಉಂಟಾ' ಅಂತ ಕೇಳುತ್ತಿದ್ದರು. 'ಉಂಟು, ದೇವರ ದಯೆ' ಅಂತ ಉತ್ತರ ಬರುತ್ತಿತ್ತು.

ಕಾರಣ, ಗಾಳಿ. ವರ್ಷಕ್ಕೊಮ್ಮೆ, ಯೇಸು ಎದ್ದುಬಂದ ಪಾಸ್ಕ ಹಬ್ಬ ಕಳೆದು ಐವತ್ತನೆಯ ದಿನ, ಮಟಮಟ ಮಧ್ಯಾಹ್ನ, ಕಡಲಿನ ಕಡೆಯಿಂದ ಒಂದು ಬಿರುಗಾಳಿ ಬರುತ್ತಿತ್ತು. ಬಂದು, ಹೊತ್ತು ಮುಳುಗುವವರೆಗೆ ಊರೆಲ್ಲ ಓಡಾಡಿ, ಹೊರಟುಹೋಗುತ್ತಿತ್ತು. ಬರೀ ಗಾಳಿಯಾಗಿದ್ದರೆ ಯಾರೂ ಇಷ್ಟು ಹೆದರುತ್ತಿರಲಿಲ್ಲ, ಬಿಡಿ. ಆ ಗಾಳಿಗೆ ಎಲ್ಲರ ಹೆಸರೂ ಗೊತ್ತಿತ್ತು. ಮನೆಮನೆಯ ಮುಂದೆ ನಿಂತು ಒಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಿತ್ತು. ಬೈದು ಕರೆಯುತ್ತಿರಲಿಲ್ಲ, ಗದರಿಸಿ ಕರೆಯುತ್ತಿರಲಿಲ್ಲ. ತುಂಬ ದಿನದಿಂದ ಕಾದವರು ಕರೆಯುವ ಹಾಗೆ ಕರೆಯುತ್ತಿತ್ತು. ಬೈದರೆ ಬಾಗಿಲು ಹಾಕಿಕೊಂಡು ಕೂರಬಹುದು. ಹಾಗೆ ಕರೆದರೆ ಎಷ್ಟು ಹೊತ್ತು ಅಂತ ಕೂರುವುದು?

ಅದಕ್ಕೇ ಊರಿನಲ್ಲೊಂದು ಕಟ್ಟಳೆ. ಹೊಸಿಲು ದಾಟಿ ಹೊರಗೆ ಬಂದ ಮೇಲೆ ಯಾರೂ ಯಾರ ಹೆಸರನ್ನೂ ಎತ್ತಬಾರದು. ಬಳಸದೆ ಬಳಸದೆ ಹೆಸರು ಹಳತಾದರೆ, ಗಾಳಿ ಕರೆದರೂ ಎದೆ ಹಾರಲಿಕ್ಕಿಲ್ಲ ಅನ್ನುವುದು ಹಿರಿಯರ ಯೋಚನೆ. ಹಾಗಾಗಿ ಬೀದಿಯಲ್ಲಿ ಎಲ್ಲರಿಗೂ ಅವರವರ ಕೆಲಸವೇ ಹೆಸರು: ಬಲೆಯವನು, ಉಪ್ಪಿನವಳು, ಸುಣ್ಣದವನು, ಗಂಟೆಯವನು. ನಿಜವಾದ ಹೆಸರು ಮನೆಯೊಳಗಿನ ಮಾತು. ಬಾಗಿಲು ಹಾಕಿಕೊಂಡ ಮೇಲೆ ಗಂಡ ಹೆಂಡತಿಯ ಕಿವಿಯಲ್ಲಿ, ತಾಯಿ ಮಗುವಿನ ನೆತ್ತಿಯ ಮೇಲೆ, ಮೆಲ್ಲಗೆ ಒಮ್ಮೆ ಹೇಳಿಕೊಳ್ಳುವುದು.

ಮನೆಯೊಳಗೆ ಯಾರೂ ಇಲ್ಲದವರ ಹೆಸರು ಏನಾಗುತ್ತದೆ? ಅಂಥವಳು ಆ ಊರಿನಲ್ಲಿ ಒಬ್ಬಳೇ ಇದ್ದಳು. ಅವಳನ್ನು ಅಗಳಿಯವಳು ಅನ್ನುತ್ತಿದ್ದರು.

ಅಗಳಿ ಅಂದರೆ ಬಾಗಿಲಿಗೆ ಅಡ್ಡ ಹಾಕುವ ಮರದ ದಿಂಡು. ಬೇರೆ ಊರುಗಳಲ್ಲಿ ಅದು ಬಾಗಿಲಿನ ಒಳಗಡೆ ಇರುತ್ತದೆ. ಈ ಊರಿನಲ್ಲಿ ಹೊರಗಡೆ. ಒಳಗಿದ್ದವರ ಮನಸ್ಸು ಯಾವ ಗಳಿಗೆಯಲ್ಲಿ ಕರಗುತ್ತದೋ ಹೇಳಲಿಕ್ಕಾಗುವುದಿಲ್ಲ ನೋಡಿ, ಅದಕ್ಕೆ. ಬಾಗಿಲು ಒಳಗಿನಿಂದ ಹೊರಕ್ಕೆ ತಳ್ಳುವಂಥದ್ದು. ಗಾಳಿಗೆ ಹಿಡಿತ ಸಿಗಬಾರದು ಅಂತ ಹೊರಗಡೆ ಒಂದು ಹಿಡಿಯನ್ನೂ ಇಟ್ಟಿರಲಿಲ್ಲ. ಐವತ್ತನೆಯ ದಿನ ಬೆಳಿಗ್ಗೆ ಅಗಳಿಯವಳು ಮೊದಲ ಮನೆಯಿಂದ ಹೊರಟು, ಒಂದೊಂದೇ ಬಾಗಿಲಿಗೆ ಅಗಳಿ ಏರಿಸಿ, ಮರದ ಸುತ್ತಿಗೆಯಿಂದ ಎರಡೇಟು ಹೊಡೆದು ಬಿಗಿ ಮಾಡಿ, ಅರವತ್ತೆರಡನೆಯದನ್ನು ಮುಗಿಸುವಷ್ಟರಲ್ಲಿ ಸೂರ್ಯ ನೆತ್ತಿಗೆ ಬರುತ್ತಿದ್ದ. ಆಮೇಲೆ ಇಗರ್ಜಿಯ ಹಿಂದಿದ್ದ ತನ್ನ ಕಲ್ಲಿನ ಕೋಣೆಗೆ ಓಡುತ್ತಿದ್ದಳು. ಅವಳ ಬಾಗಿಲಿಗೆ ಅಗಳಿ ಹಾಕುವವರು ಯಾರಿದ್ದಾರೆ? ಊರಿಡೀ ಒಳಗಡೆ ಅಗಳಿ ಇದ್ದದ್ದು ಅವಳ ಬಾಗಿಲಿಗೆ ಮಾತ್ರ. ಸಂಜೆ ಗಾಳಿ ಹೋದ ಮೇಲೆ ಮತ್ತೆ ಅರವತ್ತೆರಡು ಅಗಳಿಗಳನ್ನು ಇಳಿಸುತ್ತಿದ್ದಳು.

ಊರಿನವರು ಅವಳ ಹತ್ತಿರ ಎರಡೇ ಮಾತು ಆಡುತ್ತಿದ್ದರು. ಬೆಳಿಗ್ಗೆ 'ಹಾಕು'. ಸಂಜೆ 'ತೆಗೆ'. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಎರಡು ಮಾತೂ ಇರಲಿಲ್ಲ. ಕೆಟ್ಟವರೇನಲ್ಲ ಅವರು. ಹಬ್ಬಕ್ಕೆ ಅಕ್ಕಿ ಕಳಿಸುತ್ತಿದ್ದರು, ಜ್ವರ ಬಂದರೆ ಕಷಾಯ ಕಳಿಸುತ್ತಿದ್ದರು. ಅವಳೊಬ್ಬಳು ಮನುಷ್ಯಳು ಅಂತ ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ.

ಅವಳು ಅಗಳಿಯವಳಾದ ಕಥೆ ಎಲ್ಲರಿಗೂ ಗೊತ್ತಿತ್ತು. ಆಗ ಅವಳಿಗೆ ನಾಲ್ಕು ವರ್ಷ. ಅಪ್ಪ ಕಡಲಲ್ಲಿ ಮುಳುಗಿ ಹೋಗಿದ್ದ. ಮನೆಯಲ್ಲಿ ಅಮ್ಮ, ಅವಳು, ಇಬ್ಬರೇ. ಆ ಕಾಲದಲ್ಲಿ ಅಗಳಿ ಒಳಗಡೆಯೇ ಇರುತ್ತಿತ್ತು. ಆ ವರ್ಷ ಗಾಳಿ ಅಮ್ಮನ ಹೆಸರು ಕರೆಯಿತು. ಅಮ್ಮ ಅಗಳಿ ತೆಗೆದು ಹೊರಗೆ ಹೋದಳು, ತಿರುಗಿ ಬರಲಿಲ್ಲ. ಸಂಜೆ ಜನ ಬಂದು ನೋಡಿದರೆ ಬಾಗಿಲು ಮುಚ್ಚಿದೆ. ಕಿಟಕಿ ಒಡೆದು ಒಳಗೆ ಇಳಿದರು. ನಾಲ್ಕು ವರ್ಷದ ಕೂಸು ಬಾಗಿಲಿನ ಕೆಳಗಿನ ಚಿಲಕ ಹಾಕಿ, ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿತ್ತು.

"ಅಬ್ಬ! ತಾಯಿಗೆ ಇಲ್ಲದ ಬುದ್ಧಿ ನೋಡಿ ಈ ಮಗುವಿಗೆ" ಅಂದರು ಜನ. "ಗಾಳಿಯ ಮುಖಕ್ಕೇ ಬಾಗಿಲು ಹಾಕಿದೆಯಲ್ಲ!"

ಆವತ್ತೇ ಊರು ಕೂಡಿ ಅಗಳಿಗಳನ್ನೆಲ್ಲ ಹೊರಗಡೆಗೆ ಬದಲಾಯಿಸಿತು. ಹಾಕುವ ಕೆಲಸಕ್ಕೆ ಕಿವಿ ಕೇಳದ, ಬಾಯಿ ಬಾರದ ಮುದಿ ಬಡಗಿಯನ್ನು ಇಟ್ಟಿತು. ಅವನಿಗೆ ಗಾಳಿ ಕರೆದರೂ ಒಂದೇ, ಕರೆಯದಿದ್ದರೂ ಒಂದೇ. ಇಗರ್ಜಿಯ ಹಿಂದಿನ ಕಲ್ಲಿನ ಕೋಣೆಯನ್ನೂ ಮಗುವನ್ನೂ ಅವನ ಕೈಗೆ ಕೊಟ್ಟರು. ಇವಳೇ ಮುಂದಿನವಳು ಅಂತ ಅವತ್ತೇ ತೀರ್ಮಾನವಾಗಿತ್ತು. ಬಡಗಿ ಒಳ್ಳೆಯವನು. ಗಂಜಿ ಆರಿಸಿ ಕೊಟ್ಟ, ಕೂದಲು ಬಾಚಿದ, ಮರ ಕೆತ್ತುವುದು ಕಲಿಸಿದ. ಕರೆಯಬೇಕಾದಾಗ ನೆಲವನ್ನು ಕಾಲಿನಿಂದ ಎರಡು ಸಲ ಕುಟ್ಟುತ್ತಿದ್ದ, ಅವಳು ಓಡಿ ಬರುತ್ತಿದ್ದಳು. ಹಾಗೆ ಹದಿನೈದು ವರ್ಷ. ಅವನು ಸತ್ತಾಗ ನೆಲ ಕುಟ್ಟುವವರೂ ಇಲ್ಲವಾದರು. ಆ ಹೊತ್ತಿಗೆ ಅವಳಿಗೆ ತನ್ನ ಹೆಸರು ಪೂರ್ತಿ ಮರೆತುಹೋಗಿತ್ತು.

ಇಷ್ಟು ಊರಿಗೆ ಗೊತ್ತಿದ್ದದ್ದು. ಊರಿಗೆ ಗೊತ್ತಿಲ್ಲದ್ದು ಇನ್ನೊಂದು ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆವತ್ತು ಅಮ್ಮ ಹೊರಗೆ ಕಾಲಿಟ್ಟ ಕೂಡಲೇ ಗಾಳಿ ಒಳಗೆ ನುಗ್ಗಿ, ಗಡಿಗೆಗಳು ಉರುಳಿ, ದೀಪ ಆರಿ, ಅವಳಿಗೆ ಜೀವ ಹೋದಷ್ಟು ಹೆದರಿಕೆಯಾಗಿತ್ತು. ಬಾಗಿಲು ಎಳೆದು ಚಿಲಕ ಹಾಕಿಬಿಟ್ಟಿದ್ದಳು. ಆಗ ಹೊರಗಿನಿಂದ ಅಮ್ಮನ ದನಿ ಕೇಳಿತ್ತು.

"ತೆರೆ... ತೆರೆ..."

ಎಷ್ಟು ಹೊತ್ತು ಕರೆದಳೋ. ಅವಳು ಚಿಲಕ ಬಿಡಲಿಲ್ಲ. ಕೊನೆಗೆ ದನಿ ಗಾಳಿಯೊಳಗೆ ಸೇರಿಹೋಯಿತು. ಬಾಗಿಲು ತೆರೆ ಅಂತ ಅಮ್ಮ ಬೇಡಿಕೊಂಡಳು, ನಾನು ತೆಗೆಯಲಿಲ್ಲ. ಮೂವತ್ತಾರು ವರ್ಷ ಅವಳ ಎದೆಯ ಮೇಲೆ ಕೂತಿದ್ದ ಕಲ್ಲು ಇದು. ಜನ ಜಾಣೆ ಅಂದಷ್ಟೂ ಕಲ್ಲು ಭಾರವಾಗುತ್ತಿತ್ತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ಊರಿನವರೆಲ್ಲ ಇಗರ್ಜಿಯ ಮೇಣವನ್ನು ಕಿವಿಗೆ ತುಂಬಿಕೊಂಡು ಕೂರುತ್ತಿದ್ದರೆ, ಅವಳು ಮಾತ್ರ ಕಿವಿ ತೆರವಾಗಿಟ್ಟುಕೊಂಡು ಕೂರುತ್ತಿದ್ದಳು. ಆಸೆ. ಎಲ್ಲರ ಹೆಸರೂ ಗೊತ್ತಿರುವ ಗಾಳಿಗೆ ನನ್ನ ಹೆಸರೂ ಗೊತ್ತಿರಲೇಬೇಕಲ್ಲ? ಒಂದು ಸಲ ಹೇಳಲಿ, ಕೇಳಿಬಿಡುತ್ತೇನೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ಹಾಗಂದುಕೊಂಡು ಪ್ರತಿ ವರ್ಷ ಗೋಡೆಗೆ ಕಿವಿ ಕೊಟ್ಟು ಕೂರುತ್ತಿದ್ದಳು. ದೂರದ ಮನೆಗಳಿಂದ ಒಂದೊಂದೇ ಹೆಸರು ಕೇಳಿಬರುತ್ತಿತ್ತು: ಸಿಪ್ರಿಯಾ... ಬೊನಿಫಾಸಾ... ನತಾಲೀ... ಎಷ್ಟು ಚಂದದ ಹೆಸರುಗಳು! ಬಲೆಯವನ ಒರಟು ಮೈಯೊಳಗೆ ಇಂಥ ಮೆತ್ತಗಿನ ಹೆಸರು ಇತ್ತಾ ಅಂತ ಅವಳಿಗೆ ಆಶ್ಚರ್ಯವಾಗುತ್ತಿತ್ತು. ಕೊನೆಗೆ ಗಾಳಿ ಇಗರ್ಜಿಯನ್ನು ಸುತ್ತಿ ಅವಳ ಬಾಗಿಲಿಗೆ ಬರುತ್ತಿತ್ತು. ಬಂದು, ಅಮ್ಮನ ದನಿಯಲ್ಲೇ, ಒಂದೇ ಮಾತು:

"ತೆರೆ."

ಅಷ್ಟೇ. ಹೆಸರಿಲ್ಲ. ಊರಿಗೆಲ್ಲ ಹೆಸರು, ಇವಳಿಗೆ ಅಪ್ಪಣೆ. 'ನಿನಗೂ ನಾನು ಬಾಗಿಲಿನ ಆಳೇ ಅಲ್ಲವಾ?' ಅಂತ ಅವಳು ಅಳುತ್ತಿದ್ದಳು. 'ಹಾಕು ಅನ್ನಲಿಕ್ಕೆ ಊರುಂಟು, ತೆರೆ ಅನ್ನಲಿಕ್ಕೆ ನೀನು. ಅಮ್ಮನನ್ನು ಕೊಂಡುಹೋದದ್ದು ಸಾಲದಾ? ತೆಗೆಯುವುದಿಲ್ಲ, ಹೋಗು.' ಗಾಳಿ ಹೊತ್ತು ಮುಳುಗುವವರೆಗೂ ಹೋಗುತ್ತಿರಲಿಲ್ಲ. ಬೇರೆ ಎಲ್ಲ ಬಾಗಿಲುಗಳಿಗಿಂತ ಅವಳ ಬಾಗಿಲಿನಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಿತ್ತು.

ಆ ವರ್ಷ, ನಲವತ್ತೊಂಬತ್ತನೆಯ ದಿನ, ಗುರುಗಳು ಅವಳನ್ನು ಇಗರ್ಜಿಯ ಪಕ್ಕದ ಕೋಣೆಗೆ ಕರೆದರು. ಗುರುಗಳಿಗೆ ತುಂಬ ವಯಸ್ಸಾಗಿತ್ತು. ಕೈ ನಡುಗುತ್ತಿತ್ತು, ಪೂಜೆಯಲ್ಲಿ ಪಾತ್ರೆ ಎತ್ತುವಾಗ ಗಂಟೆಯವನು ಮೊಣಕೈ ಹಿಡಿದುಕೊಳ್ಳಬೇಕಾಗಿತ್ತು.

"ಕೂರು ಮಗಳೇ."

"ಕೂರಲಿಕ್ಕೆ ಪುರುಸೊತ್ತಿಲ್ಲ ಗುರುಗಳೇ. ಇನ್ನೂ ಇಪ್ಪತ್ತು ಅಗಳಿಗೆ ಎಣ್ಣೆ ಹಚ್ಚಬೇಕು."

"ಹಚ್ಚುವೆಯಂತೆ. ನಿನ್ನ ಹೆಸರೇನು?"

ಅವಳು ಗಾಬರಿಯಿಂದ ಕಿಟಕಿಯ ಕಡೆ ನೋಡಿದಳು.

"ಹೆದರಬೇಡ, ಹೊಸಿಲಿನ ಒಳಗೇ ಇದ್ದೇವೆ" ಅಂದರು ಗುರುಗಳು. "ನಾನು ಇನ್ನೆಷ್ಟು ದಿನವೋ. ನನ್ನ ಹಿಂದೆ ಬರುವವರಿಗೆ ಊರಿನ ಎಲ್ಲರ ಹೆಸರು ಬರೆದಿಡುತ್ತಿದ್ದೇನೆ. ನೀನು ಸತ್ತ ದಿನ ಅವರು ನಿನಗಾಗಿ ಪೂಜೆ ಇಡಬೇಕಲ್ಲ, ಯಾರ ಹೆಸರಿನಲ್ಲಿ ಇಡುವುದು? ಅಗಳಿಯವಳ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಓದಲಿಕ್ಕಾಗುತ್ತದಾ?"

"ಓದಿದರೆ ಏನಾಯಿತು? ದೇವರಿಗೆ ಗೊತ್ತಾಗಲಿಕ್ಕಿಲ್ಲವಾ?"

"ದೇವರಿಗೆ ಗೊತ್ತುಂಟು. ನಿನಗೆ ಗೊತ್ತುಂಟಾ?"

"ಇಲ್ಲ ಗುರುಗಳೇ" ಅಂದಳು. ತನಗೆ ಯಾರೂ ಇಲ್ಲ ಅಂತ ಹೇಳುವುದಕ್ಕಿಂತ ಅದನ್ನು ಹೇಳುವುದು ಅವಳಿಗೆ ಕಷ್ಟವಾಯಿತು.

ಗುರುಗಳು ಕಪಾಟಿನಿಂದ ಜ್ಞಾನಸ್ನಾನದ ಹಳೆಯ ಪುಸ್ತಕ ತೆಗೆದರು. ಗೆದ್ದಲು ತಿಂದು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಇದರಲ್ಲಿ ಇರಲೇಬೇಕು. ಹುಡುಕುತ್ತೇನೆ" ಅಂದರು. ಅವಳು ಬಾಗಿಲವರೆಗೆ ಹೋಗಿ ನಿಂತಳು. ಎಷ್ಟೋ ವರ್ಷದಿಂದ ಕೇಳಬೇಕು ಅಂದುಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ಗುರುಗಳೇ, ಆ ಗಾಳಿ ಯಾರದ್ದು?"

ಗುರುಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ದಿನಾ ಪೂಜೆಯಲ್ಲಿ ಬಾ, ಬಾ ಅಂತ ಹಾಡಿ ನಾವು ಯಾರನ್ನು ಕರೆಯುತ್ತೇವೆ?"

"ದೇವರನ್ನು."

"ಕರೆದವರು ಬರುತ್ತಾರೆ. ಅಷ್ಟೇ."

"ಅಯ್ಯೋ ದೇವರೇ! ಮತ್ತೆ ನನ್ನ ಕೈಯಲ್ಲಿ ಬಾಗಿಲು ಯಾಕೆ ಹಾಕಿಸುತ್ತೀರಿ?"

"ನಮಗೆ ಬೇಕಾದ್ದು ಮೇಣದ ಬತ್ತಿ ಆರದಷ್ಟು ಪ್ರೀತಿ ಮಗಳೇ" ಅಂದರು ಗುರುಗಳು. "ದೇವರದ್ದು ಹಾಗೆ ಬರುವುದಿಲ್ಲ. ಬಂದರೆ ಹಂಚು ಉಳಿಯುವುದಿಲ್ಲ, ಗೋಡೆ ಉಳಿಯುವುದಿಲ್ಲ. ನಾನು ಈ ಊರಿಗೆ ಹೊಸಬನಾಗಿ ಬಂದ ವರ್ಷ ಕಿವಿಗೆ ಮೇಣ ಹಾಕಿಕೊಳ್ಳದೆ ಕೂತಿದ್ದೆ. ಅದು ನನ್ನ ಹೆಸರು ಹೇಳಿತು. ನಾನು ಮಾಡಿದ್ದೆಲ್ಲ ಆ ಒಂದು ಹೆಸರಿನಲ್ಲಿ ಇತ್ತು. ಮಾಡಬಾರದ್ದೂ ಇತ್ತು. ಎಲ್ಲ ಗೊತ್ತಿದ್ದೂ ಬಾ ಅನ್ನುತ್ತಿತ್ತು. ನನಗೆ ತಡೆಯಲಿಕ್ಕಾಗಲಿಲ್ಲ. ಎದ್ದು ಹೋಗಿ ಬಾಗಿಲು ತಳ್ಳಿದೆ." ಅಂಟಿದ ಹಾಳೆಯೊಂದನ್ನು ಬಿಡಿಸುತ್ತ ಹೇಳಿದರು: "ನೀನು ಹಾಕಿದ್ದ ಅಗಳಿ ಗಟ್ಟಿಯಿತ್ತು. ಮಾರನೆಯ ವರ್ಷದಿಂದ ಮೇಣ ಹಾಕಿಕೊಂಡೆ."

ಮರುದಿನ ಐವತ್ತನೆಯ ದಿನ. ಬೆಳಿಗ್ಗೆ ಎಲೆ ಅಲುಗುತ್ತಿರಲಿಲ್ಲ. ಅಗಳಿಯವಳು ಸುತ್ತಿಗೆ ಹಿಡಿದು ಹೊರಟಳು. ಒಂದನೆಯ ಮನೆ, ಅಗಳಿ, ಎರಡೇಟು. ಎರಡನೆಯ ಮನೆ, ಅಗಳಿ, ಎರಡೇಟು. ಬಾಗಿಲ ಸಂದಿಯಿಂದ 'ಹಾಕು' ಅನ್ನುತ್ತಿದ್ದರು, ಅವಳು ಹಾಕುತ್ತಿದ್ದಳು. ಪ್ರತಿ ಏಟಿಗೂ ಗುರುಗಳ ಮಾತು ಎದೆಯಲ್ಲಿ ಕುಟ್ಟುತ್ತಿತ್ತು. ಉಪ್ಪಿನವಳ ಮನೆಗೆ ಬಂದಾಗ ಅವಳು ಬಾಗಿಲು ಅರ್ಧ ಎಳೆದುಕೊಂಡು ನಿಂತಿದ್ದಳು.

"ಏ ಮಾರಾಯ್ತಿ, ಸರಿಯಾಗಿ ಬಿಗಿ ಮಾಡು. ಹೋದ ವರ್ಷ ನನ್ನ ಮೇಣ ಜಾರಿ ಬಿದ್ದು, ಗಾಳಿ ಕರೆದದ್ದು ಅಷ್ಟೂ ಕೇಳಿಸಿತು."

"ಹೇಗೆ ಕರೆಯಿತು?" ಅಗಳಿಯವಳು ತಡೆಯಲಾರದೆ ಕೇಳಿದಳು.

"ಕೇಳಬಾರದ್ದನ್ನೇ ಕೇಳುತ್ತೀಯಲ್ಲ!" ಅಂತ ಉಪ್ಪಿನವಳು ಗದರಿದಳು. ಗದರಿದವಳ ಮುಖ ಮಾತ್ರ ಹದಿನಾರರ ಹುಡುಗಿಯ ಹಾಗೆ ಕೆಂಪಾಗಿತ್ತು. ದನಿ ತಗ್ಗಿಸಿ ಹೇಳಿದಳು: "ಪುಸ್ತಕದಲ್ಲಿ ಬರೆಸಿದ ಹೆಸರಲ್ಲ ಕಣೇ. ನನ್ನಮ್ಮ ಮುದ್ದಿಗೆ ಕರೆಯುತ್ತಿದ್ದ ಹೆಸರು. ಅರ್ಧ ಹೆಸರು. ಅಮ್ಮ ಸತ್ತ ಮೇಲೆ ಅದು ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಹಾಕು, ಹಾಕು, ಬೇಗ ಹಾಕು."

ಅಗಳಿಯವಳು ಹಾಕಿದಳು.

ಅರವತ್ತೆರಡನೆಯದು ಗುರುಗಳ ಮನೆ. ಅವರು ಹೊಸಿಲಿನ ಒಳಗೆ ಕಾಯುತ್ತ ನಿಂತಿದ್ದರು. ಕಣ್ಣು ಕೆಂಪಾಗಿತ್ತು, ಬೆರಳ ತುದಿಗೆ ಹಳೆ ಕಾಗದದ ಪುಡಿ ಅಂಟಿತ್ತು.

"ಸಿಕ್ಕಿತು ಮಗಳೇ" ಅಂದರು. "ತೆರೆಸಾ. ನಿನ್ನ ಹೆಸರು ತೆರೆಸಾ."

ಅವಳು ಸುತ್ತಿಗೆ ಹಿಡಿದುಕೊಂಡು ಹಾಗೇ ನಿಂತಳು. ಕುಣಿಯಬೇಕು ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಯಾರದೋ ಸೀರೆ ಉಟ್ಟ ಹಾಗೆ ಆ ಹೆಸರು ಮೈಗೆ ಹತ್ತಲಿಲ್ಲ. "ದೊಡ್ಡ ಉಪಕಾರವಾಯಿತು ಗುರುಗಳೇ" ಅಂದಳು. ದೂರದಲ್ಲಿ ಕಡಲು ಬೆಳ್ಳಗಾಗುತ್ತಿತ್ತು. ಗುರುಗಳು ಬಾಗಿಲು ಎಳೆದುಕೊಂಡರು, ಅವಳು ಅಗಳಿ ಹಾಕಿ ತನ್ನ ಕೋಣೆಗೆ ಓಡಿದಳು.

ಗಾಳಿ ಬಂತು. ಬಂದ ರಭಸಕ್ಕೆ ಇಗರ್ಜಿಯ ಗಂಟೆ ಯಾರೂ ಎಳೆಯದೆ ಹೊಡೆದುಕೊಂಡಿತು. ಅವಳು ನೆಲದ ಮೇಲೆ ಕೂತು ಗೋಡೆಗೆ ಕಿವಿ ಕೊಟ್ಟಳು. ಮೊದಲ ಮನೆಯಿಂದ ಹೆಸರುಗಳು ಶುರುವಾದವು. ಸಿಪ್ರಿಯಾ... ನತಾಲೀ... ಒಂದೊಂದು ಮನೆಯ ಮುಂದೆಯೂ ಕರೆದು, ಕಾದು, ಉತ್ತರ ಬಾರದೆ, ಮುಂದಿನ ಮನೆಗೆ ಹೋಗುತ್ತಿತ್ತು. ಅವಳು ಹೊಸ ಹೆಸರನ್ನು ಬಾಯಲ್ಲಿ ಹಾಕಿಕೊಂಡು ತಿರುಗಿಸಿ ನೋಡುತ್ತಿದ್ದಳು. ತೆರೆಸಾ. ತೆರೆಸಾ. ಈ ಸಲವಾದರೂ ಹಾಗೆ ಕರೆಯುತ್ತದಾ? ಕರೆದರೆ ನನ್ನನ್ನೇ ಅಂತ ನನಗೆ ಗೊತ್ತಾಗುತ್ತದಾ?

ಗಾಳಿ ಇಗರ್ಜಿಯನ್ನು ಸುತ್ತಿತು. ಅವಳ ಬಾಗಿಲಿಗೆ ಬಂದು ನಿಂತಿತು.

"ತೆರೆ."

ಅದೇ. ಮತ್ತೆ ಅದೇ! ಅವಳಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು: "ತೆರೆ, ತೆರೆ, ತೆರೆ! ಬೇರೆ ಮಾತು ಬರುವುದಿಲ್ಲವಾ ನಿನಗೆ? ನನಗೂ ಒಂದು ಹೆಸರು ಉಂಟು, ಗೊತ್ತುಂಟಾ? ನನ್ನ ಹೆಸರು ತೆರೆ..."

ಮಾತು ಅಲ್ಲಿಗೇ ನಿಂತಿತು. 'ಸಾ' ಬಾಯಿಯಲ್ಲೇ ಉಳಿಯಿತು.

ಗಾಳಿ ಸುಮ್ಮನಾಗಿತ್ತು. ಅವಳಿಗೆ ಉಪ್ಪಿನವಳ ಮಾತು ನೆನಪಾಯಿತು: ಅಮ್ಮ ಮುದ್ದಿಗೆ ಕರೆಯುತ್ತಿದ್ದದ್ದು. ಅರ್ಧ ಹೆಸರು. ಆಮೇಲೆ ಅಮ್ಮ ನೆನಪಾದಳು. ಮೀನಿನ ಬುಟ್ಟಿ ಹೊತ್ತ ಅಮ್ಮ, ಓದು ಬರಹ ಇಲ್ಲದ ಅಮ್ಮ. ಆ ಊರಿನಲ್ಲಿ ಯಾರಾದರೂ ಬಾಗಿಲು ತೆರೆ ಅನ್ನುತ್ತಾರಾ? ಅದು ಗುರುಗಳು ಪೂಜೆಯಲ್ಲಿ ಓದುವ ಮಾತು. ಮನೆಯಲ್ಲಿ ಎಲ್ಲರೂ ಬಾಗಿಲು ತೆಗೆ ಅನ್ನುವವರೇ. ಅಮ್ಮ ಬೀದಿಯಿಂದ ಬಂದಾಗೆಲ್ಲ ಕಾಲಿನಿಂದ ಬಾಗಿಲು ಒದ್ದು, "ಬಾಗಿಲು ತೆಗಿಯೇ, ಕೈ ನೋಯುತ್ತದೆ" ಅನ್ನುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಪುಸ್ತಕದ ಮಾತು ಆಡಿದವಳಲ್ಲ. ಹಾಗಾದರೆ ಆವತ್ತು ಹೊರಗೆ ನಿಂತು ಅಮ್ಮ ಬೇಡಿಕೊಂಡದ್ದಲ್ಲ. ಬಾಗಿಲಿನ ಮಾತೇ ಆಡಿದ್ದಲ್ಲ. ತೆರೆ, ತೆರೆ ಅಂತ ಮಗಳನ್ನು ಕರೆದದ್ದು. ಜೊತೆಗೆ ಬಾ ಅಂತ ಕರೆದದ್ದು. ಹೆಸರು ಮರೆತವಳ ನೆನಪಿನಲ್ಲಿ ಅದು ಬಾಗಿಲಿನ ಮಾತಾಗಿ ಉಳಿದಿತ್ತು. ಮೂವತ್ತಾರು ವರ್ಷ ಈ ಬಾಗಿಲಿನ ಆಚೆ ನಿಂತವರು ಕರೆದದ್ದೂ ಅದನ್ನೇ. ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಕರೆಸಿಕೊಂಡ ಹೆಸರು ಅವಳದ್ದೇ ಆಗಿತ್ತು.

ಅವಳು ನೆಲಕ್ಕೆ ಕುಸಿದು ಅತ್ತಳು. ಅಮ್ಮ ಹೋದ ದಿನ ಅಳಬೇಕಾಗಿದ್ದದ್ದನ್ನೂ ಸೇರಿಸಿ ಅತ್ತಳು.

ಆಮೇಲೆ ಎದ್ದು ಅಗಳಿಗೆ ಕೈ ಹಾಕಿದಳು. ತೆಗೆದರೆ ಏನಾಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು; ಅಮ್ಮನನ್ನು ಕೊಂಡುಹೋದ ಹಾಗೆ ಅವಳನ್ನೂ ಕೊಂಡುಹೋಗುತ್ತದೆ. ಹೋಗಲಿ ಅಂದರೆ, ಅರವತ್ತೆರಡು ಮನೆಗಳಿಗೆ ಹೊರಗಿನಿಂದ ಅಗಳಿ ಬಿದ್ದಿದೆ. ಅವಳು ಹೋದರೆ ಇಳಿಸುವವರು ಯಾರು? ಮಕ್ಕಳಿದ್ದಾರೆ ಒಳಗೆ, ಬಾಣಂತಿಯರಿದ್ದಾರೆ. "ಆ ಬಾಗಿಲುಗಳನ್ನು ಹಾಕಿದವಳು ನಾನು" ಅಂದಳು ಬಾಗಿಲಿನ ಆಚೆಯವರಿಗೆ. "ಕೊಂಡುಹೋಗುವುದಾದರೆ ಅವನ್ನು ಇಳಿಸುವಷ್ಟು ಹೊತ್ತು ಕೊಡು. ಆಮೇಲೆ ಏನು ಬೇಕಾದರೂ ಮಾಡು."

"ತೆರೆ" ಅಂದಿತು ಗಾಳಿ. ಈಗ ಆ ದನಿಯಲ್ಲಿ ನಗು ಇದ್ದ ಹಾಗೆ ಅವಳಿಗೆ ಕೇಳಿಸಿತು.

ಅಗಳಿ ಸರಿಸಿ ಬಾಗಿಲು ಹೊರಕ್ಕೆ ತಳ್ಳಿದಳು. ಅಷ್ಟು ದೊಡ್ಡ ಗಾಳಿ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ದಾರಿ ಬಿಟ್ಟಿತು. ಆಮೇಲೆ ಬಂತು. ಮಾಡಿನ ಹಂಚು ಒಂದೂ ಉಳಿಯಲಿಲ್ಲ. ಚಾಪೆ, ಕಂಬಳಿ, ಗಡಿಗೆ, ಮರದ ಸುತ್ತಿಗೆ, ಮೂವತ್ತಾರು ವರ್ಷ ಜೋಡಿಸಿಟ್ಟಿದ್ದದ್ದು ಎಲ್ಲ ಹೋಯಿತು. ಗೋಡೆಗಳು ಹೊರಕ್ಕೆ ಮಗುಚಿಕೊಂಡವು. ಅವಳ ಕೂದಲು ಬಿಚ್ಚಿತು, ಕಾಲು ನೆಲ ಬಿಟ್ಟಿತು. ಆಯಿತು, ಮುಗಿಯಿತು, ಕೊಂಡುಹೋಯಿತು ಅಂತ ಅವಳು ಕಣ್ಣು ಮುಚ್ಚಿದಳು. ಕೊಂಡುಹೋಗಲಿಲ್ಲ. ಎತ್ತಿಕೊಂಡಿತು, ಅಷ್ಟೇ. ಕೆಲಸ ಮುಗಿಸಿ ಬಂದ ತಾಯಿ, ಬೇರೆ ಎಲ್ಲವನ್ನೂ ಕೆಳಗೆ ಹಾಕಿ, ಮಗುವನ್ನು ಸೊಂಟದ ಮೇಲೆ ಎತ್ತಿಕೊಳ್ಳುತ್ತಾಳಲ್ಲ, ಹಾಗೆ. ನಲವತ್ತು ವರ್ಷದ ಹೆಂಗಸನ್ನು ಯಾರು ಎತ್ತಿಕೊಳ್ಳುತ್ತಾರೆ ಹೇಳಿ? ಅವಳು ಮುಖ ಹುದುಗಿಸಿ ಎಷ್ಟು ಹೊತ್ತು ಇದ್ದಳೋ ಅವಳಿಗೇ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಮೊದಲನೆಯ ಮನೆಯ ಮುಂದೆ, ಗಾಳಿಯ ನಡುವೆ, ತನ್ನ ಕಾಲ ಮೇಲೆ ನಿಂತಿದ್ದಳು.

ಅವಳಿಗೆ ಕೆಲಸ ಗೊತ್ತಾಯಿತು. ಒಂದನೆಯ ಮನೆಯ ಅಗಳಿ ಇಳಿಸಿದಳು. ಗಾಳಿ ಅದನ್ನು ಕೈಯಿಂದ ಕಿತ್ತು ಕಡಲಿಗೆ ಎಸೆಯಿತು. ಎರಡನೆಯ ಮನೆ, ಅಗಳಿ, ಕಡಲಿಗೆ. ಮೂರನೆಯ ಮನೆ, ಅಗಳಿ, ಕಡಲಿಗೆ. ಅಗಳಿ ಅಲುಗಿದ್ದು ಗೊತ್ತಾಗಿ ಒಳಗಿದ್ದವರು "ಹಾಕು! ಹಾಕು!" ಅಂತ ಬೊಬ್ಬೆ ಹಾಕುತ್ತಿದ್ದರು. ಬೆಳಿಗ್ಗೆ ಆ ಮಾತು ಕೇಳಿದ ಕೂಡಲೇ ಹಾಕಿದ್ದ ಕೈಗಳು ಈಗ ಇಳಿಸುತ್ತಲೇ ಹೋದವು.

ಅರವತ್ತೆರಡನೆಯದೂ ಮುಗಿಯಿತು. ಅವಳು ಬೀದಿಯ ನಡುವೆ ನಿಂತು ನೋಡಿದಳು. ಒಂದು ಬಾಗಿಲಿಗೂ ಅಗಳಿ ಇಲ್ಲ. ಒಂದು ಬಾಗಿಲೂ ಅಲುಗಲಿಲ್ಲ.

ಒಳಗಿನಿಂದ ಒಂದು ಸಲ ತಳ್ಳಿದರೆ ಸಾಕಿತ್ತು. ಯಾರೂ ತಳ್ಳಲಿಲ್ಲ. ಹೊರಗಿನಿಂದ ಎಳೆಯಲಿಕ್ಕೆ ಹಿಡಿಯಿರಲಿಲ್ಲ. ಗಾಳಿ ಅವಳ ಪಕ್ಕದಲ್ಲೇ ಇತ್ತು. ಬಿರುಗಾಳಿಯಾಗಿದ್ದದ್ದು ಈಗ ಬಾಗಿಲುಗಳ ಮುಂದೆ ಸುಮ್ಮನೆ ನಿಂತಿತ್ತು. ಹಂಚು ಕಿತ್ತು ಎಸೆಯುವ ಶಕ್ತಿ ಇದ್ದೂ ಒಂದು ಬಾಗಿಲನ್ನೂ ಮುರಿಯುತ್ತಿರಲಿಲ್ಲ. ಇಷ್ಟು ವರ್ಷ ಊರಿನಲ್ಲಿ ಒಂಟಿ ನಾನೊಬ್ಬಳೇ ಅಂದುಕೊಂಡಿದ್ದಳು. ಎಲ್ಲರ ಹೆಸರೂ ಗೊತ್ತಿದ್ದು, ವರ್ಷ ವರ್ಷವೂ ಬಂದು, ಹೊರಗೆ ನಿಂತು ಕರೆದು, ಯಾರೂ ಓಗೊಡದೆ ಸಂಜೆಗೆ ತಿರುಗಿ ಹೋಗುತ್ತಿದ್ದವರ ಒಂಟಿತನ ಎಂಥದ್ದು ಅಂತ ಅವಳಿಗೆ ಈಗ ಗೊತ್ತಾಯಿತು.

ಕಡಲಿನ ಮೇಲೆ ಹೊತ್ತು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಾಳಿ ಹೊರಡುತ್ತದೆ.

ಅವಳು ಗುರುಗಳ ಬಾಗಿಲಿಗೆ ಹೋಗಿ ಹಣೆ ಒತ್ತಿ ನಿಂತಳು. ಬಡಗಿ ನೆಲ ಕುಟ್ಟುತ್ತಿದ್ದ ಹಾಗೆ ಕಾಲಿನಿಂದ ಎರಡು ಸಲ ಹೊಸಿಲು ಕುಟ್ಟಿದಳು. ಒಳಗೆ ಏನೋ ಸದ್ದಾಯಿತು. ಮುದಿ ಹೆಜ್ಜೆಗಳು ಎಳೆದುಕೊಂಡು ಬಾಗಿಲ ಹತ್ತಿರ ಬಂದು ನಿಂತವು. ಕಿವಿಯ ಮೇಣ ತೆಗೆಯುವಷ್ಟು ಹೊತ್ತು ಕಳೆದು, ನಡುಗುವ ದನಿಯೊಂದು ಕೇಳಿತು.

"ಯಾರದು?"

ಅವಳು ಉಸಿರು ಎಳೆದುಕೊಂಡಳು. ಅವಳ ಹಿಂದೆ ನಿಂತ ಗಾಳಿಯೂ ಉಸಿರು ಎಳೆದುಕೊಂಡಿತು. ಇಬ್ಬರ ದನಿಯೂ ಒಂದೇ ಆಗಿ ಕೇಳಿತು.

"ನಾನು. ತೆರೆ."